ಮೀನು ಉಳಿದು ಬಸವನಹುಳು ಸತ್ತಾಗ: ಉಪ್ಪುನೀರಿನ ಅಕ್ವೇರಿಯಂ ಒಂದರ ಪ್ರಕರಣ ಅಧ್ಯಯನ

ನನ್ನ ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಐದು ವಾರಗಳ ಕಾಲ ಒಂದರ ಹಿಂದೊಂದು ಪ್ರಾಣಿಗಳು ಸತ್ತವು. ಅಮೋನಿಯಾ, ನೈಟ್ರೈಟ್, ಪಿಎಚ್, ತಾಪಮಾನ ಎಲ್ಲವೂ ಇರಬೇಕಾದ ಮಟ್ಟದಲ್ಲಿಯೇ ಇದ್ದುದರಿಂದ ಕಾರಣವೇನೆಂದು ತಿಳಿಯದೆ ನಾನು ಹಲವು ದಾರಿಗಳನ್ನು ಹಿಡಿದೆ. ಅವುಗಳಲ್ಲಿ ಹೆಚ್ಚಿನವು ತಪ್ಪು ದಾರಿಗಳು, ಒಂದಂತೂ ಇನ್ನೊಂದು ಸಾವಿಗೆ ತಾನೇ ಕಾರಣವಾಯಿತು. ಆ ತಪ್ಪುಗಳನ್ನು ಬಿಟ್ಟು ಬರೆದರೆ ಪ್ರಕರಣ ಅರ್ಥವಾಗುವುದಿಲ್ಲವಾದ್ದರಿಂದ ಅವನ್ನೂ ಸೇರಿಸಿ, ನಡೆದ ಕ್ರಮದಲ್ಲಿಯೇ ಇಲ್ಲಿ ದಾಖಲಿಸುತ್ತಿದ್ದೇನೆ.

ತೊಟ್ಟಿಯ ಸ್ಥಿತಿ

ತೊಟ್ಟಿ 90 ಸೆಂಟಿಮೀಟರ್ ಉದ್ದ, 45 ಅಗಲ, 50 ಎತ್ತರದ್ದು. ಕೆಳಗಿನ ಸಂಪ್ (ತೊಟ್ಟಿಯ ನೀರು ಇಳಿದು, ಶುದ್ಧವಾಗಿ ಮರಳುವ ಎರಡನೆಯ ತೊಟ್ಟಿ) ಸೇರಿಸಿ, ಕಲ್ಲು ಮತ್ತು ಮರಳು ಆಕ್ರಮಿಸುವ ಜಾಗವನ್ನು ಕಳೆದರೆ ಒಟ್ಟು ನೀರು ಸುಮಾರು 200 ಲೀಟರ್. ಸಾವುಗಳು ಆರಂಭವಾದಾಗ ಅದಕ್ಕೆ ಎರಡು ವರ್ಷ ನಾಲ್ಕು ತಿಂಗಳು ತುಂಬಿತ್ತು. ಅಂದರೆ ಹೊಸ ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಾ ನೆಲೆಗೊಳ್ಳುವ ಮೊದಲು ಕಾಣುವ ಏರುಪೇರುಗಳ ಕಾಲ ಎಂದೋ ಮುಗಿದಿತ್ತು. ಒಳಗೆ ಎರಡು ಕ್ಲೌನ್ ಮೀನು, ಒಂದು ಗೋಬಿ, ಒಂದು ಬ್ಲೆನಿ, ಒಂದು ರಾಯಲ್ ಗ್ರಾಮ ಎಂಬ ಮೀನುಗಳು, ಎರಡು ಕ್ಲೀನರ್ ಸಿಗಡಿ, ಆರು ಟರ್ಬೊ ಬಸವನಹುಳು, ಮರಳಿನೊಳಗೆ ಹುದುಗಿರುವ ಎಂಟು ನಾಸಾರಿಯಸ್ ಬಸವನಹುಳು, ಐದು ಹರ್ಮಿಟ್ ಏಡಿ ಇದ್ದವು. ಹವಳಗಳಲ್ಲಿ ಲೆದರ್, ಜೋಆಂಥಿಡ್ ಮತ್ತು ಒಂದು ಹ್ಯಾಮರ್. ಪ್ರತಿ ಭಾನುವಾರ 20 ಲೀಟರ್ ನೀರು ಬದಲಿಸುವುದು ಆರಂಭದಿಂದಲೂ ಇದ್ದ ರೂಢಿ.

ಮೊದಲ ಸಾವುಗಳು

ಮೊದಲ ದಿನ ಬೆಳಿಗ್ಗೆ ಎರಡು ಟರ್ಬೊ ಬಸವನಹುಳುಗಳು ಗಾಜಿನಿಂದ ಕಳಚಿ ಮರಳಿನ ಮೇಲೆ ಬೆನ್ನಡಿಯಾಗಿ ಬಿದ್ದಿದ್ದವು. ಟರ್ಬೊಗಳು ಬಿದ್ದರೆ ತಾವಾಗಿ ಮಗುಚಿಕೊಳ್ಳಲು ಕಷ್ಟಪಡುತ್ತವೆಂದು ತಿಳಿದಿದ್ದರಿಂದ ನಾನು ಎರಡನ್ನೂ ಎತ್ತಿ ಗಾಜಿಗೆ ಹಚ್ಚಿದೆ, ಅವು ಅಂಟಲಿಲ್ಲ. ಪಾದ ಚಿಪ್ಪಿನ ಹೊರಗೆ ಜೋತುಬಿದ್ದಿತ್ತು, ಬೆರಳು ತಾಗಿಸಿದರೂ ಒಳಗೆ ಸೇದಿಕೊಳ್ಳಲಿಲ್ಲ. ಸಂಜೆಯ ಹೊತ್ತಿಗೆ ಅವುಗಳ ವಾಸನೆಯೇ ಉಳಿದ ಮಾತನ್ನು ಹೇಳಿತು. ಎರಡೂ ದೊಡ್ಡವಾದುದರಿಂದ, ವಯಸ್ಸಾಗಿರಬೇಕು ಅಥವಾ ಗಾಜಿನ ಮೇಲಿನ ಪಾಚಿ ಸಾಲದೆ ಹಸಿದಿರಬೇಕು ಎಂದುಕೊಂಡು ನಾನು ಹೆಚ್ಚು ಯೋಚಿಸಲಿಲ್ಲ. ಆರನೆಯ ದಿನ ಮೂರನೆಯದು ಸತ್ತಾಗಲೂ ಇದೇ ವಿವರಣೆಗೆ ಅಂಟಿಕೊಂಡೆ.

ಒಂಬತ್ತನೆಯ ದಿನ ಕಲ್ಲಿನ ಬುಡದಲ್ಲಿ ಕ್ಲೀನರ್ ಸಿಗಡಿಯ ದೇಹ ಕಂಡಿತು. ಸಿಗಡಿ ಮೂರು ನಾಲ್ಕು ವಾರಕ್ಕೊಮ್ಮೆ ಪೊರೆ ಕಳಚುವ ಪ್ರಾಣಿ. ಕಳಚಿದ ಪೊರೆ ಮೀಸೆಯಿಂದ ಬಾಲದವರೆಗೆ ಇಡಿಯಾಗಿ ಉಳಿಯುವುದರಿಂದ ಅದನ್ನು ಕಂಡು ಸಿಗಡಿ ಸತ್ತಿತೆಂದು ಗಾಬರಿಯಾಗದವರು ಈ ಹವ್ಯಾಸದಲ್ಲಿ ಕಡಿಮೆ. ನಾನು ಇದಕ್ಕೆ ತದ್ವಿರುದ್ಧವಾದ ತಪ್ಪು ಮಾಡಿದೆ: ದೇಹವನ್ನೇ ಪೊರೆ ಎಂದು ಭಾವಿಸಿ ಅರ್ಧ ದಿನ ಹಾಗೆಯೇ ಬಿಟ್ಟೆ. ಚಿಮುಟದಲ್ಲಿ ಎತ್ತಿ ಬೆಳಕಿಗೆ ಹಿಡಿದಾಗಷ್ಟೇ ವ್ಯತ್ಯಾಸ ತಿಳಿಯಿತು. ಪೊರೆಯಾಗಿದ್ದರೆ ತಲೆಯ ಚಿಪ್ಪಿನ ಹಿಂಬದಿ ಬಾಯಿ ತೆರೆದಂತೆ ಸೀಳಿರುತ್ತದೆ, ಒಳಗೆ ಏನೂ ಇಲ್ಲದೆ ಬೆಳಕು ಹಾಯುತ್ತದೆ. ಇದರಲ್ಲಿ ಸೀಳು ಇರಲಿಲ್ಲ. ಬಾಲದ ಮಾಂಸ ಬೇಯಿಸಿದಂತೆ ಬೆಳ್ಳಗೆ ಮಬ್ಬಾಗಿತ್ತು.

ಅಂದು ನೀರನ್ನು ಪೂರ್ತಿಯಾಗಿ ಪರೀಕ್ಷಿಸಿದೆ. ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ, ನೈಟ್ರೇಟ್ ಲೀಟರ್‌ಗೆ 10 ಮಿಲಿಗ್ರಾಂ, ಸಂಜೆಯ ಪಿಎಚ್ 8.2, ಕ್ಷಾರತೆ 8.2 ಡಿಕೆಎಚ್ (ಕ್ಷಾರತೆಯನ್ನು ಅಳೆಯುವ ಮಾನ), ಕ್ಯಾಲ್ಸಿಯಂ 420, ಮೆಗ್ನೀಸಿಯಂ 1320, ತಾಪಮಾನ 26 ಡಿಗ್ರಿ. ಇದರಲ್ಲಿ ಆಕ್ಷೇಪಿಸುವಂಥದ್ದು ಒಂದೂ ಇರಲಿಲ್ಲ. ಲವಣಾಂಶ ಸಾವಿರಕ್ಕೆ 35 ಎಂದು ರಿಫ್ರ್ಯಾಕ್ಟೋಮೀಟರ್ ತೋರಿಸಿತಾದರೂ ಆ ಉಪಕರಣವನ್ನು ನಾನು ಯಾವಾಗಲೂ ಲವಣ ಸೋಸಿ ತೆಗೆದ ಆರ್‌ಒ ನೀರಿನಿಂದ ಸೊನ್ನೆಗೆ ಹೊಂದಿಸುತ್ತಿದ್ದೆನೇ ಹೊರತು 35ರ ಮಾನಕ ದ್ರಾವಣದಿಂದ ಒಮ್ಮೆಯೂ ನೋಡಿರಲಿಲ್ಲ. ಸೊನ್ನೆಯಲ್ಲಿ ಸರಿಯಾಗಿರುವ ರಿಫ್ರ್ಯಾಕ್ಟೋಮೀಟರ್ 35ರಲ್ಲಿ ಸರಿಯಾಗಿರಲೇಬೇಕೆಂದಿಲ್ಲ. ದ್ರಾವಣ ಹಾಕಿ ನೋಡಿದಾಗ ಅದು 37 ಎಂದಿತು, ಅಂದರೆ ತೊಟ್ಟಿಯ ನಿಜವಾದ ಲವಣಾಂಶ 33. ಕಾರಣ ಸಿಕ್ಕೇಬಿಟ್ಟಿತೆಂದು ನನಗೆ ಅನಿಸಿತು. ದಿನಕ್ಕೆ ಒಂದರಂತೆ ಏರಿಸಿ ಎರಡು ದಿನಗಳಲ್ಲಿ ಸರಿಪಡಿಸಿದೆ. ಈ ದೋಷ ನಿಜವಾದದ್ದೇ ಆಗಿತ್ತು, ಸರಿಪಡಿಸಿದ್ದೂ ಒಳ್ಳೆಯದೇ ಆಯಿತು. ಆದರೆ ತಿಂಗಳುಗಟ್ಟಲೆ ಸ್ಥಿರವಾಗಿ 33ರಲ್ಲಿದ್ದ ನೀರಿನಲ್ಲಿ ಚೆನ್ನಾಗಿ ಬದುಕಿದ್ದ ಬಸವನಹುಳು ಈಗ ದಿಢೀರನೆ ಏಕೆ ಸಾಯಬೇಕು ಎಂಬ ಪ್ರಶ್ನೆಯನ್ನು ನಾನು ಕೇಳಿಕೊಳ್ಳಲಿಲ್ಲ. ಹುಡುಕಾಟದಲ್ಲಿ ಮೊದಲು ಸಿಕ್ಕ ದೋಷವೇ ಅಪರಾಧಿಯಂತೆ ಕಾಣುತ್ತದೆ.

ಆ ನಂಬಿಕೆಯಿಂದಲೇ ಹನ್ನೆರಡನೆಯ ದಿನ ನಾಲ್ಕು ಹೊಸ ಟರ್ಬೊಗಳನ್ನು ತಂದೆ. ಹದಿನೈದನೆಯ ದಿನ ಹಳೆಯದರಲ್ಲಿ ಇನ್ನೊಂದು ಸತ್ತಿತು. ಹದಿನೇಳನೆಯ ದಿನದೊಳಗೆ ಹೊಸದರಲ್ಲಿ ಮೂರು ಸತ್ತವು. ಮಾರಾಟದ ತೊಟ್ಟಿಗಳಲ್ಲಿ ಲವಣಾಂಶವನ್ನು ಕಡಿಮೆ ಇಡುವುದು ವಾಡಿಕೆಯಾದ್ದರಿಂದ ಅಲ್ಲಿಂದ ಬಂದ ಬಸವನಹುಳುಗಳನ್ನು ಅವಸರದಲ್ಲಿ ಹೊಂದಿಸಿದರೆ ಒಂದೆರಡು ದಿನಗಳಲ್ಲಿ ಸಾಯುವುದುಂಟು. ಆದರೆ ಎರಡು ವರ್ಷದಿಂದ ಇದೇ ನೀರಿನಲ್ಲಿದ್ದದ್ದು ಅದೇ ರೀತಿ ಸತ್ತಿದ್ದರಿಂದ ಆ ವಿವರಣೆಯೂ ನಿಲ್ಲಲಿಲ್ಲ.

ಇನ್ನೆರಡು ಸಂಶಯಗಳನ್ನು ಬೇಗ ತಳ್ಳಿಹಾಕಬಹುದಾಗಿತ್ತು. ಕಲ್ಲಿನೊಂದಿಗೆ ನುಸುಳಿ ಬಂದ ಮ್ಯಾಂಟಿಸ್ ಸಿಗಡಿ ಬಸವನಹುಳುಗಳನ್ನು ಕೊಲ್ಲುತ್ತಿದ್ದರೆ ಚಿಪ್ಪು ಒಡೆದಿರಬೇಕು. ಇಲ್ಲಿ ಚಿಪ್ಪುಗಳೆಲ್ಲ ಇಡಿಯಾಗಿದ್ದವು, ರಾತ್ರಿ ಗಂಟೆಗಟ್ಟಲೆ ಕಿವಿಗೊಟ್ಟರೂ ಟಕ್ಕೆನ್ನುವ ಸದ್ದು ಕೇಳಲಿಲ್ಲ. ನೀರಿಗೆ ವಿದ್ಯುತ್ ಸೋರುತ್ತಿದೆಯೇ ಎಂದು ಮಲ್ಟಿಮೀಟರ್‌ನಿಂದ ನೋಡಿ, ಹೀಟರ್ ಮತ್ತು ಪಂಪ್‌ಗಳನ್ನು ಒಂದೊಂದಾಗಿ ಕಳಚಿ ಪರೀಕ್ಷಿಸಿದೆ. ಹೀಟರ್‌ನ ಗಾಜು ಬಿರಿದಿರಲಿಲ್ಲ, ತಂತಿಗಳ ಹೊದಿಕೆ ಸರಿಯಾಗಿತ್ತು.

ನಾನೇ ತಂದುಕೊಂಡ ಸಾವು

ಹತ್ತೊಂಬತ್ತನೆಯ ದಿನ ಸಂಜೆ ಮಾಡಿದ್ದನ್ನು ವಿವರವಾಗಿ ಬರೆಯಬೇಕಾಗಿದೆ, ಏಕೆಂದರೆ ಅದು ಇಡೀ ತನಿಖೆಯನ್ನು ಹಲವು ದಿನ ದಾರಿ ತಪ್ಪಿಸಿತು. ಕ್ಲೋರಿನ್, ಅಮೋನಿಯಾ, ಲೋಹ ಎಲ್ಲವನ್ನೂ ನಿಷ್ಕ್ರಿಯಗೊಳಿಸುತ್ತದೆಂದು ಶೀಷೆಯ ಮೇಲೆ ಬರೆದಿದ್ದ ಒಂದು ದ್ರಾವಣವನ್ನು, ಯಾವುದಾದರೊಂದಕ್ಕೆ ತಾಗಲಿ ಎಂಬ ಧೋರಣೆಯಲ್ಲಿ, ಹೇಳಿದ್ದಕ್ಕಿಂತ ಎರಡು ಪಟ್ಟು ಸುರಿದೆ. ಇಪ್ಪತ್ತು ನಿಮಿಷಗಳಲ್ಲಿ, ಗಾಳಿಯ ಗುಳ್ಳೆಗಳಿಂದ ಕೊಳೆಯನ್ನು ನೊರೆಯಾಗಿ ತೆಗೆಯುವ, ಜೊತೆಗೆ ನೀರಿಗೆ ಆಮ್ಲಜನಕವನ್ನೂ ಸೇರಿಸುವ ಪ್ರೋಟೀನ್ ಸ್ಕಿಮ್ಮರ್ ಹಾಲು ಉಕ್ಕಿದಂತೆ ನೊರೆ ಉಕ್ಕಿಸಿ ಕಪ್ ತುಂಬಿ ಹೊರಗೆ ಚೆಲ್ಲತೊಡಗಿತು. ಇಂಥ ದ್ರಾವಣಗಳನ್ನು ಹಾಕಿದಾಗ ಸ್ಕಿಮ್ಮರ್ ಹುಚ್ಚೆದ್ದು ನೊರೆಯುವುದು ಸಾಮಾನ್ಯವೇ. ಕಪ್ ತೆಗೆದು, ನೊರೆಯೆಲ್ಲ ಸಂಪ್‌ಗೇ ಮರಳುವಂತೆ ಮಾಡಿ ಓಡಲು ಬಿಟ್ಟಿದ್ದರೆ ಸಾಕಿತ್ತು. ನಾನು ಅದನ್ನು ಆರಿಸಿ ಮಲಗಿದೆ. ಅದಕ್ಕೂ ಮೊದಲು, ನಿತ್ರಾಣವಾಗಿದ್ದ ಬಸವನಹುಳುಗಳು ರಭಸಕ್ಕೆ ಉರುಳದಿರಲೆಂದು ಅಲೆಯ ಪಂಪ್ ಅನ್ನೂ ನಿಲ್ಲಿಸಿದ್ದೆ.

ಸಮುದ್ರದ ನೀರಿನಲ್ಲಿ ಆಮ್ಲಜನಕ ಕರಗುವ ಪ್ರಮಾಣವೇ ಕಡಿಮೆ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರ್‌ಗೆ ಸುಮಾರು 8.2 ಮಿಲಿಗ್ರಾಂ ಹಿಡಿದರೆ, 35ರ ಲವಣಾಂಶದ ನೀರು ಹಿಡಿಯುವುದು ಸುಮಾರು 6.7 ಮಿಲಿಗ್ರಾಂ. ರಾತ್ರಿ ಪಾಚಿ ಆಮ್ಲಜನಕ ಕೊಡುವುದಿಲ್ಲ, ಬದಲಿಗೆ ತಾನೂ ಬಳಸುತ್ತದೆ. ಕಣ್ಣಿಗೆ ಬೀಳದ ಎಡೆಗಳಲ್ಲಿ ಕೊಳೆಯುತ್ತಿದ್ದ ಪ್ರಾಣಿಗಳಿದ್ದರೆ ಅವೂ ತಮ್ಮ ಪಾಲನ್ನು ಕೀಳುತ್ತವೆ. ಬೆಳಿಗ್ಗೆ ಐದೂವರೆಗೆ ನೋಡಿದಾಗ ಕ್ಲೌನ್ ಮೀನುಗಳು ಮೂತಿಯನ್ನು ನೀರಿನ ಮೇಲ್ಮೈಗೆ ಒತ್ತಿಕೊಂಡು ಏದುಸಿರು ಬಿಡುತ್ತಿದ್ದವು, ರಾಯಲ್ ಗ್ರಾಮ ಬಾಯಿ ಕಳೆದು ಕಿವಿರುಗಳು ಅಗಲವಾಗಿ ತೆರೆದ ಸ್ಥಿತಿಯಲ್ಲಿ ಸತ್ತಿತ್ತು. ಪಿಎಚ್ 7.7 ಇತ್ತು. ಪಂಪ್‌ಗಳನ್ನು ಹಾಕಿ, ಕಿಟಕಿ ತೆರೆದ ಮೇಲೆ ಒಂದು ಗಂಟೆಯೊಳಗೆ ಉಳಿದ ಮೀನುಗಳು ಎಂದಿನಂತಾದವು.

ಒಂದು ಗಂಟೆಯಲ್ಲಿ ಚೇತರಿಸಿಕೊಂಡದ್ದೇ ಅದು ಆಮ್ಲಜನಕದ ಕೊರತೆ ಎಂಬುದಕ್ಕೆ ಸಾಕಷ್ಟು ಸಾಕ್ಷ್ಯವಾಗಿತ್ತು. ಆದರೆ ಬಸವನಹುಳುಗಳ ನಂತರ ಸಿಗಡಿ, ಸಿಗಡಿಯ ನಂತರ ಮೀನು ಎಂಬ ಸರಣಿಯೇ ನನ್ನ ಮನಸ್ಸನ್ನು ಹಿಡಿದುಕೊಂಡು, ರೋಗ ಮೀನುಗಳಿಗೂ ಹರಡಿತೆಂದು ನಂಬಿಸಿತು. ಎರಡು ದಿನ ವೆಲ್ವೆಟ್ ಎಂಬ ಪರೋಪಜೀವಿ ರೋಗದ ಗುರುತಿಗಾಗಿ, ಅಂದರೆ ಮೈಮೇಲೆ ದೂಳು ಉದುರಿಸಿದಂತೆ ಕಾಣುವ ಚಿನ್ನದ ಬಣ್ಣದ ಪುಡಿಗಾಗಿ, ಟಾರ್ಚ್ ಹಿಡಿದು ಹುಡುಕಿದೆ. ಚಿಕಿತ್ಸೆಗೆ ಬೇರೆ ತೊಟ್ಟಿಯನ್ನೂ ಸಿದ್ಧಪಡಿಸಿದೆ. ಆ ರೋಗಕ್ಕೆ ಬಳಸುವ ಮದ್ದು ಯಾವುದೆಂದು ಆಗ ಒಂದು ಕ್ಷಣ ನಿಂತು ಯೋಚಿಸಿದ್ದರೂ ಬಹುಶಃ ದಾರಿ ಕಾಣುತ್ತಿತ್ತು; ಅದು ತಾಮ್ರ.

ಬದುಕಿದವುಗಳ ಪಟ್ಟಿ

ಇಪ್ಪತ್ತೆರಡನೆಯ ದಿನ ಎರಡನೆಯ ಸಿಗಡಿಯೂ ಸತ್ತಿತು. ಮರುದಿನ ನಾನು ಎಲ್ಲ ಉಪಕರಣಗಳನ್ನೂ ಬದಿಗಿಟ್ಟು ಒಂದು ಹಾಳೆಯನ್ನು ಎರಡು ಭಾಗ ಮಾಡಿ, ಎಡಕ್ಕೆ ಸತ್ತವುಗಳನ್ನು ಸತ್ತ ಕ್ರಮದಲ್ಲಿ, ಬಲಕ್ಕೆ ಬದುಕಿರುವವುಗಳನ್ನು ಈಗಿನ ಸ್ಥಿತಿಯೊಂದಿಗೆ ಬರೆದೆ. ಅಲ್ಲಿಯವರೆಗಿನ ನನ್ನ ಟಿಪ್ಪಣಿಯಲ್ಲಿ ಎಡಭಾಗವಷ್ಟೇ ಇತ್ತು. ಬಲಭಾಗವನ್ನು ತುಂಬಲು ತೊಟ್ಟಿಯ ಮುಂದೆ ಕುಳಿತು ನೋಡಿದಾಗ, ಹಿಂದೆ ಗಮನಿಸದಿದ್ದ ಸಂಗತಿಗಳು ಒಂದೊಂದಾಗಿ ಎದ್ದು ಕಂಡವು. ಆಹಾರ ಹಾಕಿದ ಅರ್ಧ ನಿಮಿಷದಲ್ಲಿ ಮರಳಿನಿಂದ ಸೊಂಡಿಲು ಎತ್ತಿ ಬರುತ್ತಿದ್ದ ಎಂಟು ನಾಸಾರಿಯಸ್‌ಗಳಲ್ಲಿ ಈಗ ಎರಡು ಮಾತ್ರ ಬಂದವು. ಐದು ಏಡಿಗಳಲ್ಲಿ ಮೂರೇ ಇದ್ದವು. ಜೋಆಂಥಿಡ್‌ಗಳು ಮುಷ್ಟಿಯಂತೆ ಮುಚ್ಚಿಕೊಂಡಿದ್ದವು, ಹ್ಯಾಮರ್ ಹವಳ ಅಸ್ಥಿಯೊಳಗೆ ಸೇದಿಕೊಂಡಿತ್ತು. ರಾತ್ರಿ ದೀಪ ಆರಿದ ಮೇಲೆ ಟಾರ್ಚ್ ಬಿಟ್ಟರೆ ಗಾಜಿನ ಮೇಲೆ ಬಿಳಿ ಚುಕ್ಕೆಗಳಂತೆ ಜಿಗಿದಾಡುತ್ತಿದ್ದ, ಸಿಗಡಿಯ ಬಳಗದ ಅತಿ ಪುಟ್ಟ ಜೀವಿಗಳಾದ ಕೋಪೆಪಾಡ್‌ಗಳು ಒಂದೂ ಇರಲಿಲ್ಲ. ಇತ್ತ ಕ್ಲೌನ್, ಗೋಬಿ, ಬ್ಲೆನಿ ಮೂರೂ ಜಾತಿಯ ಮೀನುಗಳು ಹೊಟ್ಟೆಬಾಕರಂತೆ ತಿನ್ನುತ್ತಿದ್ದವು.

ಹಾಳೆಯಿಂದ ರಾಯಲ್ ಗ್ರಾಮವನ್ನು, ಅದರ ಕಾರಣ ಬೇರೆ ಎಂದು ಒಪ್ಪಿಕೊಂಡು, ಹೊಡೆದುಹಾಕಿದೆ. ಉಳಿದದ್ದು ಸ್ಪಷ್ಟವಾಗಿತ್ತು: ಬೆನ್ನೆಲುಬಿರುವ ಒಂದೂ ಪ್ರಾಣಿ ನರಳುತ್ತಿಲ್ಲ, ಬೆನ್ನೆಲುಬಿಲ್ಲದ್ದು ಒಂದೂ ನೆಮ್ಮದಿಯಾಗಿಲ್ಲ. ಅಮೋನಿಯಾದ ಹೆಚ್ಚಳವಾಗಲಿ ಆಮ್ಲಜನಕದ ಕೊರತೆಯಾಗಲಿ ಮೀನುಗಳನ್ನೂ ಬಿಡುವುದಿಲ್ಲ. ವೆಲ್ವೆಟ್, ಬಿಳಿಚುಕ್ಕೆಯಂಥ ಮೀನಿನ ಪರೋಪಜೀವಿಗಳು ಬಸವನಹುಳುವನ್ನು ಮುಟ್ಟುವುದಿಲ್ಲ. ಈ ರೀತಿ ಆರಿಸಿ ಕೊಲ್ಲುವುದು ಮುಖ್ಯವಾಗಿ ಎರಡು: ಕೀಟನಾಶಕ ಮತ್ತು ಲೋಹ. ಸೊಳ್ಳೆಯ ಸಿಂಪಡಣೆಗಳಲ್ಲಿರುವ ಪೈರೆಥ್ರಾಯ್ಡ್‌ಗಳು ಸಿಗಡಿ, ಏಡಿಗಳನ್ನು ಅತ್ಯಲ್ಪ ಪ್ರಮಾಣದಲ್ಲಿಯೇ ಕೊಲ್ಲುತ್ತವೆ, ಮೀನುಗಳಿಗೂ ಅವು ಕಡು ವಿಷ; ಆದರೆ ಬಸವನಹುಳುಗಳು ಅವನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತವೆ. ನನ್ನ ತೊಟ್ಟಿಯಲ್ಲಿ ಮೊದಲು ಬಿದ್ದದ್ದೇ ಬಸವನಹುಳುಗಳು. ಹಾಗಾಗಿ ಲೋಹ, ಅದರಲ್ಲೂ ತಾಮ್ರ, ಎಂಬ ಊಹೆ ಗಟ್ಟಿಯಾಯಿತು. ಬಸವನಹುಳು ಮತ್ತು ಸಿಗಡಿಗಳ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಸಯನಿನ್ ತಾಮ್ರದಿಂದಲೇ ಆದದ್ದು. ಅವುಗಳಿಗೆ ತಾಮ್ರ ಬೇಕೇ ಬೇಕು, ಆದರೆ ಬೇಕಾದದ್ದಕ್ಕೂ ಕೊಲ್ಲುವುದಕ್ಕೂ ನಡುವಣ ಅಂತರ ಬಹಳ ಕಿರಿದು.

ಮನೆಯಲ್ಲಿದ್ದ ತಾಮ್ರದ ಟೆಸ್ಟ್ ಕಿಟ್ ಬಣ್ಣವನ್ನೇ ಕೊಡಲಿಲ್ಲ. ಅದರ ಬಣ್ಣದ ಪಟ್ಟಿಯನ್ನು ಮತ್ತೊಮ್ಮೆ ನೋಡಿದಾಗ ಕಾರಣ ಹೊಳೆಯಿತು: ಸೊನ್ನೆಯ ಮುಂದಿನ ಮೆಟ್ಟಿಲೇ ಲೀಟರ್‌ಗೆ 0.15 ಮಿಲಿಗ್ರಾಂ, ಅಂದರೆ 150 ಮೈಕ್ರೋಗ್ರಾಂ. ಆ ಕಿಟ್ ಇರುವುದು ಮೀನುಗಳಿಗೆ ಮದ್ದಾಗಿ ಹಾಕಿದ ತಾಮ್ರವನ್ನು ಅಳೆಯಲಿಕ್ಕೆ. ತೆರೆದ ಸಮುದ್ರದ ನೀರಿನಲ್ಲಿರುವ ತಾಮ್ರವಾದರೋ ಲೀಟರ್‌ಗೆ 1 ಮೈಕ್ರೋಗ್ರಾಂಗಿಂತಲೂ ಕಡಿಮೆ. ಇವೆರಡರ ನಡುವೆ ಬಸವನಹುಳುವನ್ನು ಕೊಲ್ಲುವ ದೊಡ್ಡ ಬಯಲೇ ಇದೆ, ಅದೆಲ್ಲವೂ ಈ ಕಿಟ್‌ನ ಕಣ್ಣಿಗೆ ಸೊನ್ನೆಯೇ. ಆರ್‌ಒ ನೀರಿನ ಟಿಡಿಎಸ್ (ಕರಗಿದ ವಸ್ತುಗಳ ಒಟ್ಟು ಪ್ರಮಾಣ) ಮೀಟರ್ ಸೊನ್ನೆ ತೋರಿಸುವುದೂ ಇದೇ ಕಾರಣಕ್ಕೆ ನಿರಪರಾಧಿತ್ವದ ಪುರಾವೆಯಲ್ಲ; ಹತ್ತು ಲಕ್ಷಕ್ಕೆ ಒಂದರ ಲೆಕ್ಕದಲ್ಲಿ ಎಣಿಸುವ ಉಪಕರಣಕ್ಕೆ ಅದರ ಇಪ್ಪತ್ತನೆಯ ಒಂದು ಭಾಗ ಕಾಣುವುದಿಲ್ಲ.

ಆದ್ದರಿಂದ ಇಪ್ಪತ್ತನಾಲ್ಕನೆಯ ದಿನ ತೊಟ್ಟಿಯ ನೀರು ಮತ್ತು ಆರ್‌ಒ ನೀರು ಎರಡರ ಮಾದರಿಗಳನ್ನೂ ಐಸಿಪಿ ಪರೀಕ್ಷೆಗೆ ಕಳುಹಿಸಿದೆ. ನೀರನ್ನು ಅತ್ಯಧಿಕ ತಾಪದ ಪ್ಲಾಸ್ಮಾಕ್ಕೆ ಹಾಯಿಸಿ, ಪ್ರತಿ ಧಾತು ಹೊಮ್ಮಿಸುವ ಅದರದೇ ಆದ ಬೆಳಕಿನಿಂದ ಪ್ರಮಾಣವನ್ನು ಲೆಕ್ಕ ಹಾಕುವ ವಿಧಾನವಿದು. ವರದಿ ಬರುವುದರೊಳಗೆ ಸುಮ್ಮನೆ ಕೂರಲಾಗದೆ, ಬದುಕಿದ್ದ ಮೂರು ಟರ್ಬೊಗಳನ್ನು ಹೊಸದಾಗಿ ಕಲಸಿದ ಉಪ್ಪುನೀರಿನ ಬಕೆಟ್ ಒಂದಕ್ಕೆ, ಗಾಳಿಯ ಕಲ್ಲು ಮತ್ತು ಹೀಟರ್ ಸಮೇತ ಸ್ಥಳಾಂತರಿಸಿದೆ. ಒಂದು ಆ ರಾತ್ರಿಯೇ ಸತ್ತಿತು. ಉಳಿದೆರಡು ಎರಡನೆಯ ದಿನ ಮೀಸೆ ಚಾಚಿದವು, ಮೂರನೆಯ ದಿನ ಬೆಳಿಗ್ಗೆ ಬಕೆಟ್‌ನ ಅಂಚಿನವರೆಗೆ ಏರಿ ಕುಳಿತಿದ್ದವು. ಒಂದನ್ನು ಕೀಳಲು ನೋಡಿದರೆ ಬಕೆಟ್ ಅಲುಗಾಡುವಷ್ಟು ಗಟ್ಟಿಯಾಗಿ ಪಾದ ಊರಿತ್ತು. ಬಕೆಟ್‌ನ ನೀರು ಅದೇ ಆರ್‌ಒ ನೀರು, ಅದೇ ಉಪ್ಪು. ಅಂದಮೇಲೆ ವಿಷ ಹೊರಗಿನಿಂದ ಬರುತ್ತಿರಲಿಲ್ಲ, ತೊಟ್ಟಿಯ ಒಳಗೇ ಹುಟ್ಟುತ್ತಿತ್ತು. ಹಳೆಯ ಟಿಪ್ಪಣಿಗಳಲ್ಲಿಯೂ ಇದಕ್ಕೆ ಪೂರಕವಾದ ಸುಳಿವಿತ್ತು: ಭಾನುವಾರ ನೀರು ಬದಲಿಸಿದ ಮೇಲೆ ಜೋಆಂಥಿಡ್‌ಗಳು ಎರಡು ದಿನ ಅರಳಿ, ಬುಧವಾರದ ಹೊತ್ತಿಗೆ ಮತ್ತೆ ಮುಚ್ಚಿಕೊಳ್ಳುತ್ತಿದ್ದವು. ಬದಲಿಸುವ ನೀರಿನಲ್ಲಿಯೇ ವಿಷವಿದ್ದರೆ ಕ್ರಮ ಇದಕ್ಕೆ ತಿರುಗುಮುರುಗಾಗಿರಬೇಕಿತ್ತು.

ವರದಿ ಹೇಳಿದ್ದು

ಮೂವತ್ತೈದನೆಯ ದಿನ ವರದಿ ಬಂತು. ಆರ್‌ಒ ನೀರಿನಲ್ಲಿ ತಾಮ್ರ ಪತ್ತೆಯಾಗಿರಲಿಲ್ಲ. ತೊಟ್ಟಿಯ ನೀರಿನಲ್ಲಿ ತಾಮ್ರ ಲೀಟರ್‌ಗೆ 48 ಮೈಕ್ರೋಗ್ರಾಂ, ನಿಕಲ್ 31 ಮೈಕ್ರೋಗ್ರಾಂ. ಇನ್ನೂರು ಲೀಟರ್ ನೀರಿನಲ್ಲಿ ಒಟ್ಟು ತಾಮ್ರ ಹತ್ತು ಮಿಲಿಗ್ರಾಂ ಕೂಡ ಅಲ್ಲ. ಮೀನುಗಳ ಚಿಕಿತ್ಸೆಯಲ್ಲಿ ಅಯಾನಿಕ ತಾಮ್ರವನ್ನು ಲೀಟರ್‌ಗೆ 150ರಿಂದ 200 ಮೈಕ್ರೋಗ್ರಾಂ ಮಟ್ಟದಲ್ಲಿ ವಾರಗಟ್ಟಲೆ ಇಡುತ್ತಾರೆ ಎಂಬುದನ್ನು ನೆನೆದರೆ ನನ್ನ ಮೀನುಗಳು ಏನೂ ಆಗದಂತೆ ಓಡಾಡಿಕೊಂಡಿದ್ದುದು ಆಶ್ಚರ್ಯವಲ್ಲ.

ವರದಿಯಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ತಾಮ್ರದ ಅಂಕಿಯಲ್ಲ, ಅದರ ಜೊತೆಗಿದ್ದವರು ಯಾರು, ಇಲ್ಲದವರು ಯಾರು ಎಂಬುದು. ಹಿತ್ತಾಳೆಯ ಯಾವುದಾದರೂ ಜೋಡಣೆ ಸವೆಯುತ್ತಿದ್ದರೆ ತಾಮ್ರದೊಂದಿಗೆ ಸತುವೂ ಏರಬೇಕು. ಸತು ಸಾಮಾನ್ಯ ಮಟ್ಟದಲ್ಲಿತ್ತು. ಸ್ಟೇನ್‌ಲೆಸ್ ಸ್ಟೀಲ್‌ನ ಕ್ಲಿಪ್ ತುಕ್ಕು ಹಿಡಿದಿದ್ದರೆ ನಿಕಲ್ ಜೊತೆ ಕ್ರೋಮಿಯಂ ಕಾಣಬೇಕು, ತಾಮ್ರ ಇಷ್ಟು ಕಾಣಬಾರದು, ಕ್ರೋಮಿಯಂ ಇರಲಿಲ್ಲ. ಪಂಪ್‌ನ ಒಳತಂತಿ ನೀರಿಗೆ ತೆರೆದುಕೊಂಡಿದ್ದರೆ ತಾಮ್ರ ಒಂಟಿಯಾಗಿ ಬರಬೇಕು. ತಾಮ್ರ ಮತ್ತು ನಿಕಲ್ ಎರಡೇ ಕೈಹಿಡಿದುಕೊಂಡು ಬರುವ ಒಂದು ವಸ್ತು ಬಹುತೇಕ ಎಲ್ಲ ಅಕ್ವೇರಿಯಂಗಳಲ್ಲೂ ಇದೆ: ನಿಯೋಡಿಮಿಯಂ ಮ್ಯಾಗ್ನೆಟ್. ಈ ಮ್ಯಾಗ್ನೆಟ್‌ಗಳು ನಿಯೋಡಿಮಿಯಂ, ಕಬ್ಬಿಣ ಮತ್ತು ಬೋರಾನ್‌ನಿಂದ ಆದವು. ಬಹಳ ಬೇಗ ತುಕ್ಕು ಹಿಡಿಯುವುದರಿಂದ ಅವುಗಳ ಮೇಲೆ ಸಾಮಾನ್ಯವಾಗಿ ನಿಕಲ್, ತಾಮ್ರ, ಮತ್ತೆ ನಿಕಲ್ ಎಂದು ಮೂರು ಪದರಗಳ ಲೇಪನವಿರುತ್ತದೆ. ಅದರ ಮೇಲಿನ ಪ್ಲಾಸ್ಟಿಕ್ ಕವಚಕ್ಕೆ ಉಪ್ಪುನೀರು ನುಗ್ಗಿತೆಂದರೆ ಲೇಪನ ಕರಗಿ ನೀರಿಗೆ ಸೇರುತ್ತದೆ. ಒಳಗಿನ ಬೋರಾನ್ ಮಾತ್ರ ಸುಳಿವು ಕೊಡುವುದಿಲ್ಲ, ಏಕೆಂದರೆ ಸಮುದ್ರದ ನೀರಿನಲ್ಲಿ ಅದು ಲೀಟರ್‌ಗೆ ಸುಮಾರು 4.5 ಮಿಲಿಗ್ರಾಂ ಮೊದಲೇ ಇದ್ದು, ಒಂದಿಷ್ಟು ಕೂಡಿದರೂ ತಿಳಿಯುವಂತಿಲ್ಲ.

ತೊಟ್ಟಿಯಲ್ಲಿದ್ದ ಮ್ಯಾಗ್ನೆಟ್‌ಗಳನ್ನು ಎಣಿಸಿದೆ: ಅಲೆಯ ಪಂಪ್‌ನ ಹಿಡಿಕೆ ಮತ್ತು ಅದರ ರೋಟರ್, ಸಂಪ್‌ನ ಮುಖ್ಯ ಪಂಪ್‌ನ ರೋಟರ್, ಹವಳದ ತುಣುಕುಗಳನ್ನಿಡುವ ಚಿಕ್ಕ ಹಲಗೆ, ಗಾಜಿನ ಒಳಗೊಂದು ಹೊರಗೊಂದು ಭಾಗವಿದ್ದು ಗಾಜು ಉಜ್ಜುವ ಮ್ಯಾಗ್ನೆಟ್‌ನ ಒಳಭಾಗ. ಒಟ್ಟು ಐದು. ಎಲ್ಲವನ್ನೂ ಹೊರತೆಗೆದು, ಮೇಲೆ ಬೆಳೆದಿದ್ದ ಗುಲಾಬಿ ಪಾಚಿಯನ್ನು ವಿನೆಗರ್‌ನಲ್ಲಿ ನೆನೆಸಿ ಬ್ರಶ್‌ನಿಂದ ಉಜ್ಜಿ, ತೊಳೆದು, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಒಂದು ರಾತ್ರಿ ಬಿಟ್ಟೆ. ಒಳಗೆ ನೀರು ನುಗ್ಗಿದ್ದರೆ ಅದು ಹೊರಬರಲೇಬೇಕು. ಬೆಳಿಗ್ಗೆ ನಾಲ್ಕರ ಕೆಳಗೆ ಬಟ್ಟೆ ಶುಭ್ರವಾಗಿತ್ತು. ಗಾಜು ಉಜ್ಜುವ ಮ್ಯಾಗ್ನೆಟ್‌ನ ಕೆಳಗೆ ಉಗುರಿನಷ್ಟಗಲದ ಕಂದು ಕಲೆ ಮೂಡಿತ್ತು.

ಭೂತಕನ್ನಡಿಯಲ್ಲಿ ನೋಡಿದರೆ ಕವಚದ ಎರಡು ಅರ್ಧಗಳು ಸೇರುವ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು, ಬೆರಳಿನಷ್ಟು ಉದ್ದ. ಉಜ್ಜುವ ಬದಿಯ ಪ್ಲಾಸ್ಟಿಕ್ ನಡುವೆ ಲೇಶ ಉಬ್ಬಿತ್ತು. ತುಕ್ಕು ಹಿಡಿದ ಮ್ಯಾಗ್ನೆಟ್ ಒಳಗೆ ಊದಿಕೊಂಡು ಕವಚವನ್ನು ಹೊರಕ್ಕೆ ತಳ್ಳಿತ್ತು. ಚಾಕುವಿನ ತುದಿ ತೂರಿಸಿದ ಕೂಡಲೇ ಅದು ತೆರೆದುಕೊಂಡು ಕಪ್ಪು ಬೂದು ಬಣ್ಣದ ರಾಡಿ ಸುರಿಯಿತು. ಮ್ಯಾಗ್ನೆಟ್‌ನ ಒಂದು ಬದಿಯಲ್ಲಿ ಲೇಪನವೇ ಇರಲಿಲ್ಲ, ಇನ್ನೊಂದು ಬದಿಯಲ್ಲಿ ಈರುಳ್ಳಿಯ ಸಿಪ್ಪೆಯಂತೆ ಹೊಳೆಯುವ ಚೂರುಗಳಾಗಿ ಏಳುತ್ತಿತ್ತು, ಅವುಗಳ ಒಳಮೈಯಲ್ಲಿ ತಾಮ್ರದ ಕೆಂಪು ಬರಿಗಣ್ಣಿಗೇ ಕಾಣುತ್ತಿತ್ತು.

ಇದನ್ನು ಕಂಡಾಗ ಸುಮಾರು ಎರಡು ತಿಂಗಳ ಹಿಂದಿನ ಒಂದು ಮಾತು ನೆನಪಾಯಿತು. ಗಾಜು ಉಜ್ಜುವ ಕೆಲಸ ಮಗಳದ್ದು. ಒಂದು ಸಂಜೆ ಆಕೆ, “ಅಪ್ಪಾ, ಇದು ಗಾಜನ್ನ ಕೆರೀತಿದೆ, ನೋಡಿಲ್ಲಿ,” ಎಂದು ಬಲ ಮೂಲೆಯ ಮೂರು ಸಣ್ಣ ಗೀರುಗಳನ್ನು ತೋರಿಸಿದ್ದಳು. “ಮರಳು ಸಿಕ್ಕಿರುತ್ತೆ ಮರಿ, ಮೆಲ್ಲಗೆ ಎಳಿ,” ಎಂದು ನಾನು ತಿರುಗಿಯೂ ನೋಡದೆ ಹೇಳಿದ್ದೆ. ಉಬ್ಬಿದ ಪ್ಲಾಸ್ಟಿಕ್‌ನ ನಡುಭಾಗ ಉಜ್ಜುವ ಬಟ್ಟೆಯನ್ನು ಸವೆಯಿಸಿ ಗಾಜಿಗೆ ತಾಗುತ್ತಿತ್ತು. ಬಳಸಿದ ಮೇಲೆ ಅದನ್ನು ಹೊರತೆಗೆದು ಒಣಗಿಸುವ ಬದಲು ಎರಡು ವರ್ಷವೂ ನೀರಿನಲ್ಲಿಯೇ, ತೊಟ್ಟಿಯ ನೀರು ಕೆಳಗಿನ ಸಂಪ್‌ಗೆ ಇಳಿಯುವ ಓವರ್‌ಫ್ಲೋ ಹಿಂದಿನ ಮೂಲೆಯಲ್ಲಿ ನಿಲ್ಲಿಸಿದ್ದು ನನ್ನ ಅಭ್ಯಾಸ.

ಶುದ್ಧೀಕರಣ

ಮೂಲ ಸಿಕ್ಕಿದ ಮೇಲಿನ ಕೆಲಸ ಸರಳವಾದರೂ ನಿಧಾನದ್ದು. ಹತ್ತು ದಿನಗಳಲ್ಲಿ ನಾಲ್ಕು ಬಾರಿ, ಪ್ರತಿ ಸಲ 50 ಲೀಟರ್ ನೀರು ಬದಲಿಸಿದೆ. ಪ್ರತಿ ಸಲ ಮುಕ್ಕಾಲು ಪಾಲು ಉಳಿಯುವುದರಿಂದ ನಾಲ್ಕು ಬಾರಿಗೆ ಶೇಕಡ 32ರಷ್ಟು ಉಳಿಯುತ್ತದೆ, ಅಂದರೆ ಲೆಕ್ಕದಂತೆ 48 ಇದ್ದದ್ದು 15ಕ್ಕೆ ಇಳಿಯಬೇಕು. ಮೊದಲಿನಂತೆ ವಾರಕ್ಕೆ 20 ಲೀಟರ್ ಎಂದುಕೊಂಡಿದ್ದರೆ ಇಷ್ಟಕ್ಕೇ ಹನ್ನೊಂದು ವಾರ ಬೇಕಾಗುತ್ತಿತ್ತು. ಜೊತೆಗೆ ಸಂಪ್‌ನಲ್ಲಿ ಸಕ್ರಿಯ ಇಂಗಾಲ ಮತ್ತು ಲೋಹ ಹೀರುವ ರಾಳವನ್ನು ಇಟ್ಟೆ. ಆದರೆ ಕಲ್ಲು ಮತ್ತು ಮರಳು ಸಹ ತಾಮ್ರವನ್ನು ಹೀರಿಟ್ಟುಕೊಂಡು, ನೀರಿನಲ್ಲಿ ಪ್ರಮಾಣ ಇಳಿದಾಗ ನಿಧಾನವಾಗಿ ಬಿಟ್ಟುಕೊಡುತ್ತವೆ. ಹಾಗಾಗಿ ನೀರು ಬದಲಿಸಿದ ಮರುದಿನದ ಅಂಕಿಯನ್ನು ನಂಬಿ ಪ್ರಾಣಿಗಳನ್ನು ತರುವುದು ಇನ್ನೊಂದು ಸುತ್ತಿನ ಸಾವಿಗೆ ಆಹ್ವಾನ. ರಾಳವನ್ನು ನಾನು ಮೂರು ಬಾರಿ ಬದಲಿಸಿದೆ. ಐದು ವಾರಗಳ ನಂತರದ ಐಸಿಪಿ ವರದಿಯಲ್ಲಿ ತಾಮ್ರ 9 ಮೈಕ್ರೋಗ್ರಾಂ, ನಿಕಲ್ 5. ಇನ್ನೆರಡು ತಿಂಗಳ ಬಳಿಕ ತಾಮ್ರ 3.

ಜೋಆಂಥಿಡ್‌ಗಳು ಮೊದಲ ಎರಡು ವಾರಗಳಲ್ಲಿಯೇ ಪೂರ್ತಿ ಅರಳಿದವು. ಹ್ಯಾಮರ್‌ನ ಎರಡು ತಲೆಗಳಲ್ಲಿ ಒಂದು ಸತ್ತಿತು, ಇನ್ನೊಂದು ಉಳಿಯಿತು. ಬಕೆಟ್‌ನಲ್ಲಿದ್ದ ಟರ್ಬೊಗಳಲ್ಲಿ ಒಂದನ್ನು ಮಾತ್ರ ಜಾಲರಿಯ ಪೆಟ್ಟಿಗೆಯಲ್ಲಿಟ್ಟು, ಎರಡನೆಯ ವರದಿ ಬಂದ ಮೇಲೆ ತೊಟ್ಟಿಗೆ ಇಳಿಸಿದೆ. ಮೂರು ವಾರ ಅದು ಗಾಜು ಮೇಯುವುದನ್ನು ನೋಡಿದ ಮೇಲೆ ಇನ್ನೊಂದನ್ನು ಬಿಟ್ಟೆ. ಆ ಮೂರನೆಯ ವಾರದಲ್ಲಿಯೇ ಒಂದು ರಾತ್ರಿ ಟಾರ್ಚ್ ಬೆಳಕಿಗೆ ಗಾಜಿನ ಕೆಳಭಾಗದಲ್ಲಿ ಏಳೆಂಟು ಬಿಳಿ ಚುಕ್ಕೆಗಳು ಜಿಗಿದವು. ಅಂಗೈಯಗಲದ ಐಸಿಪಿ ವರದಿಗಿಂತ ನನಗೆ ಆ ಏಳೆಂಟು ಕೋಪೆಪಾಡ್‌ಗಳ ಮೇಲೆಯೇ ಹೆಚ್ಚು ಭರವಸೆ ಬಂತು. ಸಿಗಡಿಯನ್ನು ಮೂರನೆಯ ವರದಿಯವರೆಗೆ ತರಲಿಲ್ಲ.

ಈಗ ಗಾಜು ಉಜ್ಜುವ ಮ್ಯಾಗ್ನೆಟ್ ಕೆಲಸ ಮುಗಿದೊಡನೆ ಹೊರಗೆ ಬಂದು ಬಿಳಿ ಬಟ್ಟೆಯ ಮೇಲೆ ಒಣಗುತ್ತದೆ, ಉಳಿದ ನಾಲ್ಕು ಮೂರು ತಿಂಗಳಿಗೊಮ್ಮೆ ಅದೇ ಬಟ್ಟೆಯ ಮೇಲೆ ಒಂದು ರಾತ್ರಿ ಕಳೆಯುತ್ತವೆ. ಕಳೆದ ತಿಂಗಳು ಒಂದು ನಾಸಾರಿಯಸ್‌ನ ಖಾಲಿ ಚಿಪ್ಪು ಸಿಕ್ಕಿತು. ಉಳಿದವು ಆಹಾರಕ್ಕೆ ಎಂದಿನಂತೆ ಎದ್ದು ಬರುತ್ತಿದ್ದುದರಿಂದ, ಹಾಳೆಯ ಎಡಭಾಗದಲ್ಲಿ ಅದರ ಹೆಸರು ಬರೆದು ಕಾರಣದ ಜಾಗವನ್ನು ಖಾಲಿ ಬಿಟ್ಟಿದ್ದೇನೆ.